ಕಾಲು ಸೂಪು ಆರಿದಾಗ ಏಕೆ ಗಟ್ಟಿಯಾಗುತ್ತದೆ? – ಒಂದು ಪಾಠ, ಎರಡು ಬೋಧನೆ

ತರಗತಿ: 9  ವಿಷಯ: ವಿಜ್ಞಾನ  ಘಟಕ: ಅಂಗಾಂಶಗಳು  ಅವಧಿ: 40 ನಿಮಿಷ

ಮೊದಲ ಬೋಧನೆ: ದಾವಣಗೆರೆ

ಸ್ನಾಯು ಅಂಗಾಂಶ ಮತ್ತು ಸಂಯೋಜಕ ಅಂಗಾಂಶಗಳ ಸಂಬಂಧವನ್ನು ಅಡುಗೆಯ ಅನುಭವದಿಂದ ಕಲಿಸಲು ಯೋಜಿಸಿದ್ದೆ. "ಯಾರ್ಯಾರ ಮನೆಯಲ್ಲಿ ಮಟನ್ ಮಾಡ್ತಾರೆ? ಕೈ ಎತ್ತಿ" ಎಂಬುದು ನನ್ನ ಪೀಠಿಕಾ ಪ್ರಶ್ನೆ. ಕೆಲವು ಕೈಗಳು ಮೇಲೆದ್ದವು. ಯಾರೋ ಕಿಸಕ್ಕೆಂದರು. ಎದ್ದ ಕೈಗಳು ಒಂದೊಂದಾಗಿ ಇಳಿದವು. ಆ ಮಕ್ಕಳು ಅವಧಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಊಟ ಕೇಳುವ ಪ್ರಶ್ನೆ ಜಾತಿ ಕೇಳುವ ಪ್ರಶ್ನೆಯೂ ಆಗಬಲ್ಲದೆಂದು ನನಗೆ ಹೊಳೆದಿರಲಿಲ್ಲ. ವೀಕ್ಷಕರು ಬರೆದದ್ದು ಇಷ್ಟೇ: "ಪ್ರಶ್ನೆ ಅಂಗಾಂಶದ ಬಗ್ಗೆ ಇರಲಿ, ಮನೆಯ ಬಗ್ಗೆ ಬೇಡ."

ಎರಡನೆಯ ಬೋಧನೆ: ಹರಿಹರ

*ತೊಡಗಿಸಿಕೊಳ್ಳುವಿಕೆ:* ಎಲ್ಲರೂ ತಮ್ಮ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನು ಮುಟ್ಟಿ ನೋಡಿದರು. ಮೆತ್ತಗಿರುವುದು ಸ್ನಾಯು, ಬಿಗಿಯಾಗಿರುವುದು ಸ್ನಾಯುರಜ್ಜು.

*ಅನ್ವೇಷಣೆ:* ಪ್ರತಿ ಗುಂಪಿಗೂ ತೆಳು ಕಾಗದ ಸುತ್ತಿದ ಹತ್ತಿ ನೂಲಿನ ಕಟ್ಟು ಕೊಟ್ಟೆ. ನೂಲು ಸ್ನಾಯುತಂತು, ಕಾಗದ ಸಂಯೋಜಕ ಅಂಗಾಂಶ. ಉದ್ದಕ್ಕೆ ಕತ್ತರಿಸಿದರೆ ಎಳೆಗಳು ಉದ್ದವಾಗಿಯೇ ಉಳಿದವು. ಅಡ್ಡಕ್ಕೆ ಕತ್ತರಿಸಿದರೆ ತುಂಡುತುಂಡಾದವು. ಎಳೆಗೆ ಅಡ್ಡವಾಗಿ ಹೆಚ್ಚಿದ ಮಾಂಸ ಅಗಿಯಲು ಸುಲಭವಾಗುವುದು ಇದರಿಂದಲೇ.

*ವಿವರಣೆ:* "ಮೇಕೆಯ ಯಾವ ಭಾಗ ಹೆಚ್ಚು ದುಡಿಯುತ್ತದೆ?" ಎಂದೆ. "ಕಾಲು, ಕುತ್ತಿಗೆ" ಎಂದರು. ಹೆಚ್ಚು ದುಡಿಯುವ ಭಾಗದಲ್ಲಿ ಕೊಲಾಜನ್ ಎಂಬ ಪ್ರೋಟೀನು ಹೆಚ್ಚು. ಬೆನ್ನಿನ ಮಾಂಸದಲ್ಲಿ ಕಡಿಮೆ. ಬಿಸಿಯಾದಾಗ ಸ್ನಾಯುತಂತುಗಳು ಕುಗ್ಗಿ ನೀರನ್ನು ಹೊರಹಾಕುತ್ತವೆ. ಹಾಗಾಗಿ ಬೆನ್ನಿನ ಮಾಂಸವನ್ನು ಅತಿಯಾಗಿ ಬೇಯಿಸಿದರೆ ಒಣಗುತ್ತದೆ. ಪಾಶ್ಚಾತ್ಯರು ಸ್ಟೇಕ್‌ಗೆ ಈ ಭಾಗವನ್ನು ಆರಿಸಿ ಬೇಗ ಸುಡುವುದು ಇದಕ್ಕೇ. ಕಾಲಿನ ಕೊಲಾಜನ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನೀರಿನಲ್ಲಿ, ಗಂಟೆಗಟ್ಟಲೆ ಬೆಂದು ಜೆಲಾಟಿನ್ ಆಗುತ್ತದೆ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಮುಟ್ಟುವುದರಿಂದ ಅದೇ ಕೆಲಸ ಬೇಗ ಮುಗಿಯುತ್ತದೆ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ನಾನು ಕೇಳದೆಯೇ ಎದ್ದು ನಿಂತಳು: "ಟೀಚರ್, ನಮ್ಮಜ್ಜಿ ಮಾಡಿದ ಕಾಲು ಸೂಪು ಬೆಳಿಗ್ಗಿಗೆ ಗಟ್ಟಿ ಆಗಿರ್ತೈತಿ. ಕಾಸಿದ್ರೆ ಮತ್ತೆ ನೀರಾಗ್ತೈತಿ. ಅದೇ ಜೆಲಾಟಿನ್ನಾ?" ಯಾರೂ ನಗಲಿಲ್ಲ. ಪಾಠದ ಶೀರ್ಷಿಕೆಯನ್ನು ಅವಳ ಮಾತಿನಿಂದಲೇ ತೆಗೆದು ಕಪ್ಪುಹಲಗೆಯ ಮೇಲೆ ಬರೆದೆ.

*ವಿಸ್ತರಣೆ:* "ಕಾಲು ಸೂಪು ಕುಡಿದರೆ ಮುರಿದ ಮೂಳೆ ಕೂಡುತ್ತಂತೆ" ಎಂದ ಒಬ್ಬ. ಜೆಲಾಟಿನ್ ನೇರವಾಗಿ ಮೂಳೆಗೆ ಹೋಗುವುದಿಲ್ಲ. ಬೇಳೆಯ ಪ್ರೋಟೀನಿನಂತೆ ಅದೂ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ ಎಂದು ಚರ್ಚಿಸಿದೆವು.

*ಮೌಲ್ಯಮಾಪನ:*
1. ಸ್ನಾಯುರಜ್ಜು ಯಾವ ಅಂಗಾಂಶಕ್ಕೆ ಸೇರಿದೆ?
2. ಕಾಲಿನ ಮಾಂಸಕ್ಕೆ ಹೆಚ್ಚು ಹೊತ್ತು ಬೇಕು, ಬೆನ್ನಿನದಕ್ಕೆ ಬೇಡ. ಕಾರಣ ಕೊಡಿ.
3. ಯಕೃತ್ತು ಸ್ನಾಯುವೇ? ಅದು ಬೇಗ ಬೇಯುವುದೇಕೆ?

ಮೂರನೆಯದಕ್ಕೆ ಹಲವರು "ಸ್ನಾಯು" ಎಂದೇ ಬರೆದರು. ತಿನ್ನುವುದೆಲ್ಲ ಸ್ನಾಯುವಲ್ಲ ಎಂಬುದನ್ನು ಮುಂದಿನ ಅವಧಿಯಲ್ಲಿ ಮತ್ತೆ ತೆಗೆದುಕೊಳ್ಳಬೇಕು.

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ತರಗತಿಗೆ ಮಾಂಸ ತರುವ ಅಗತ್ಯವಿಲ್ಲ. ನೂಲು ಮತ್ತು ನಮ್ಮ ದೇಹ ಸಾಕು. ಮಾಂಸ ತಿನ್ನದ ಮಗುವೂ ಪೂರ್ತಿಯಾಗಿ ಭಾಗವಹಿಸಬಲ್ಲದು. ಮನೆಯ ಅನುಭವವನ್ನು ಕೈ ಎತ್ತಿಸಿ ಎಣಿಸಬೇಡಿ. ಅದು ತಾನಾಗಿ ಬರಲು ಜಾಗ ಬಿಡಿ; ಬಂದಾಗ ಅದನ್ನು ಜ್ಞಾನವೆಂದೇ ಹಲಗೆಯ ಮೇಲೆ ಬರೆಯಿರಿ.