ಐಪಿ ಫೋನು ಯಾರ ಮಾತು ಕೇಳುತ್ತದೆ?

ಆಫೀಸಿನ ಐಪಿ ಫೋನು ಹೊಸ ಜಾಗದಲ್ಲಿ ರಿಜಿಸ್ಟರ್ ಆಗದಿದ್ದರೆ, ಸರ್ವರನ್ನು ದೂರುವ ಮುನ್ನ ಫೋನಿಗೆ ಸೆಟ್ಟಿಂಗ್ ಎಲ್ಲಿಂದ ಬಂತೆಂದು ನೋಡಿ. ಕರೆಂಟ್ ಸಿಕ್ಕ ಕೂಡಲೇ ಅದು ಸಾಮಾನ್ಯವಾಗಿ ಸ್ವಿಚ್ಚನ್ನು ವಿಚಾರಿಸಿ, ಎಲ್‌ಎಲ್‌ಡಿಪಿ ಅಥವಾ ಸಿಡಿಪಿ ಮೂಲಕ ತನ್ನ ವಾಯ್ಸ್ ವಿಲ್ಯಾನ್ ತಿಳಿದುಕೊಳ್ಳುತ್ತದೆ. ಆಮೇಲೆ ಡಿಎಚ್‌ಸಿಪಿಯಿಂದ ಐಪಿ ವಿಳಾಸ, ಗೇಟ್‌ವೇ, ಜೊತೆಗೆ ಕಾನ್ಫಿಗರೇಶನ್ ಫೈಲ್ ಇರುವ ಸರ್ವರಿನ (ಟಿಎಫ್‌ಟಿಪಿ ಸರ್ವರ್) ವಿಳಾಸ. ಈ ಕೊನೆಯದು ಸಾಮಾನ್ಯವಾಗಿ ಬರುವುದು ಡಿಎಚ್‌ಸಿಪಿಯ ಆಪ್ಷನ್ 66ರಲ್ಲಿ. ಸಿಸ್ಕೊ ಫೋನುಗಳು 150 ಸಿಕ್ಕರೆ ಅದನ್ನೇ ಮೊದಲು ನಂಬುತ್ತವೆ.

ಎಡವಟ್ಟಾಗುವುದು ಕೈಯಿಂದ ತುಂಬಿದ ಸರ್ವರ್ ವಿಳಾಸದಲ್ಲಿ. ಸಿಸ್ಕೊ ಫೋನಿನ ಮೆನುವಿನಲ್ಲಿ ‘ಆಲ್ಟರ್ನೇಟ್ ಟಿಎಫ್‌ಟಿಪಿ’ಗೆ ‘ಯೆಸ್’ ಎಂದಿದ್ದರೆ, ಡಿಎಚ್‌ಸಿಪಿ ಎಷ್ಟೇ ಸರಿಯಾದ ಸರ್ವರ್ ತೋರಿಸಿದರೂ ಫೋನು ಮೆನುವಿನಲ್ಲಿರುವುದನ್ನೇ ಹುಡುಕುತ್ತದೆ. ಬೇರೆ ಕಚೇರಿಯಿಂದ ತಂದ, ಸೆಕೆಂಡ್ ಹ್ಯಾಂಡ್ ಕೊಂಡ ಫೋನುಗಳಲ್ಲಿ ಇದನ್ನು ಮೊದಲೇ ನೋಡಬೇಕು. ಹಾಗಂತ ಕೈಯಿಂದ ತುಂಬಿದ್ದಕ್ಕೇ ಯಾವಾಗಲೂ ಮೇಲುಗೈ ಅಂದುಕೊಳ್ಳಬೇಡಿ. ಯೀಲಿಂಕ್ ಫೋನುಗಳಲ್ಲಿ ವಿಲ್ಯಾನ್ ವಿಷಯಕ್ಕೆ ಎಲ್‌ಎಲ್‌ಡಿಪಿಯೇ ಮುಂದು, ಕೈಯಿಂದ ಕೊಟ್ಟದ್ದು ಅದರ ನಂತರ, ಡಿಎಚ್‌ಸಿಪಿ ಕೊನೆಗೆ.

ಹಳೆಯ ಫೋನನ್ನು ಹೊಸ ಮೇಜಿನ ಮೇಲಿಡುವ ಮುಂಚೆ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ. ಕೈಯಿಂದ ತುಂಬಲೇಬೇಕಾಗಿ ಬಂದರೆ ಏನು ತುಂಬಿದಿರೆಂದು ದಯವಿಟ್ಟು ಬರೆದಿಡಿ. ಮುಂದೆ ಆ ಫೋನನ್ನು ಬಿಚ್ಚಿ ನೋಡುವವರು ಬೇರೆಯವರಿರಬಹುದು.