ಧರೆ ಕುಸಿತ, ಹಿಮಕುಸಿತ: ಪರೀಕ್ಷೆಗೆ ಮುಖ್ಯಾಂಶಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಹಿಮ ಬೀಳುವುದಿಲ್ಲ. ಬೀಳುವುದು ಮಳೆ, ಕುಸಿಯುವುದು ಧರೆ. ಆದರೆ ಧರೆ ಕುಸಿತ, ಹಿಮಕುಸಿತ ಎರಡೂ ನಡೆಯುವ ಬಗೆ ಒಂದೇ. ಅದನ್ನು ಹಿಡಿದುಕೊಂಡರೆ ಭೂಗೋಳದಲ್ಲೂ ವಿಪತ್ತು ನಿರ್ವಹಣೆಯಲ್ಲೂ ಅಂಕ ಸಿಗುತ್ತದೆ.

• ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೊಸ ಹಿಮದ ಭಾರ, ಅದರಡಿ ಸಡಿಲ ಹರಳುಗಳ ದುರ್ಬಲ ಪದರ: ಇವೆರಡು ಕೂಡಿದರೆ ಮೇಲಿನ ಹಾಸು ಇಡಿಯಾಗಿ ಜಾರುತ್ತದೆ.

• ನಮ್ಮ ಘಟ್ಟದಲ್ಲಿ ಆ ದುರ್ಬಲ ಪದರ ಎಂದರೆ ಶೇಡಿ ಮಣ್ಣು. ಮೇಲೆ ಚಿರೇಕಲ್ಲು, ಅದರ ಸಂದಿಯಲ್ಲಿ ಇಳಿದ ನೀರು ಕೆಳಗಿನ ಶೇಡಿಯಲ್ಲಿ ತಂಗುತ್ತದೆ. ನೆನೆದ ಶೇಡಿಗೆ ಬಿಗಿ ಇರುವುದಿಲ್ಲ. ಹಾಗಾಗಿ ಒಂದು ದಿನದ ಜಡಿಮಳೆಗಿಂತ ಬಿಡದೆ ಸುರಿದ ವಾರದ ಮೇಲೆ ಬರುವ ಜಡಿಮಳೆ ಅಪಾಯಕಾರಿ. ಹವಾಮಾನ ಇಲಾಖೆಯ ಲೆಕ್ಕ: 24 ಗಂಟೆಯಲ್ಲಿ 64.5 ಮಿ.ಮೀ.ಯಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಮಳೆ.

• ತೋಟ ಕಣಿವೆಯಲ್ಲಿ, ಸೊಪ್ಪಿನ ಬೆಟ್ಟ ಇಳಿಜಾರಿನಲ್ಲಿ, ಮನೆ ಎರಡರ ನಡುವೆ: ಇದು ಈ ಮೂರು ತಾಲ್ಲೂಕುಗಳ ಊರಿನ ನಕ್ಷೆ. ಗುಡ್ಡ ಇಳಿದರೆ ದಾರಿಯಲ್ಲಿ ಸಿಗುವುದು ಮನೆ, ಆಮೇಲೆ ಅಡಿಕೆ ತೋಟ. ಮುನ್ಸೂಚನೆಯೂ ಹಿತ್ತಿಲಲ್ಲೇ ಕಾಣುತ್ತದೆ. ತಿಳಿಯಾಗಿ ಬರುತ್ತಿದ್ದ ಅಬ್ಬಿ ನೀರು ಕೆಂಪಾಗುವುದು ಅಥವಾ ದಿಢೀರನೆ ನಿಲ್ಲುವುದು, ಇಲ್ಲದ ಕಡೆ ಜಲ ಒಡೆಯುವುದು, ಬೆಟ್ಟದ ನೆತ್ತಿಯಲ್ಲಿ ಬಾಗಿದ ಗೆರೆಯಂತೆ ನೆಲ ಬಿರುಕು ಬಿಡುವುದು, ಮರ ವಾಲುವುದು. ವಿವರಣಾತ್ಮಕ ಉತ್ತರದಲ್ಲಿ ಇವನ್ನು ಬರೆದವರು ಕಡಿಮೆ, ಬರೆಯಿರಿ.

• ಕಳಚೆ, ಯಲ್ಲಾಪುರ ತಾಲ್ಲೂಕು, ಜುಲೈ 2021. ಗುಡ್ಡ ಹಲವು ಕಡೆ ಜರಿದು ತೋಟ, ಮನೆ, ರಸ್ತೆ ಒಟ್ಟಿಗೇ ಹೋದವು. ಅದೇ ಮಳೆಗೆ ಅರಬೈಲು ಘಟ್ಟದಲ್ಲಿ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ (ಈಗ 52, ಹಿಂದೆ 63) ಬಂದ್ ಆಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಮುಂದೆ ಬರುವ ಶಿರೂರಿನ ಕುಸಿತದಷ್ಟು ಸುದ್ದಿಯಾಗದ ಕಾರಣ ಅಭ್ಯರ್ಥಿಗಳು ಕಳಚೆಯನ್ನು ಮರೆಯುತ್ತಾರೆ. ಹೆದ್ದಾರಿಯ ಪಕ್ಕದಲ್ಲಿಲ್ಲದ ಕುಸಿತಕ್ಕೆ ಒಳ್ಳೆಯ ಉದಾಹರಣೆ ಅದೇ.

• ಶಿರೂರು, ಅಂಕೋಲಾ ತಾಲ್ಲೂಕು, 16 ಜುಲೈ 2024, ರಾಷ್ಟ್ರೀಯ ಹೆದ್ದಾರಿ 66. ಚತುಷ್ಪಥಕ್ಕಾಗಿ ಬುಡ ಕತ್ತರಿಸಿದ್ದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಎದ್ದ ಅಲೆ ಎದುರು ದಡದ ಉಳುವರೆ ಊರಿಗೆ ನುಗ್ಗಿತು. ಯಲ್ಲಾಪುರದಲ್ಲಿ ಮಾಗೋಡು ಜಲಪಾತವಾಗಿ ಧುಮುಕುವ ಬೇಡ್ತಿಯೇ ಇಲ್ಲಿನ ಗಂಗಾವಳಿ.

• ಹೆಸರು ನೆನಪಿಡಬೇಕಾದ ಇನ್ನೊಂದು ಘಟ್ಟ ದೇವಿಮನೆ: ಶಿರಸಿ–ಕುಮಟಾ ರಸ್ತೆ, ಹೆದ್ದಾರಿ 766ಇ.

• ಭೂಕುಸಿತಕ್ಕೆ ನೋಡಲ್ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ (1851, ಕೋಲ್ಕತ್ತಾ). ಅಲ್ಲಿಯೇ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಆರಂಭವಾದದ್ದು 19 ಜುಲೈ 2024ರಂದು, ಶಿರೂರು ಕುಸಿದ ಮೂರು ದಿನಗಳ ಬಳಿಕ. ಸಂಸ್ಥೆಯ ಪ್ರಕಾರ ಹಿಮಾವೃತ ಪ್ರದೇಶ ಬಿಟ್ಟು ದೇಶದ ಭೂಭಾಗದ ಸುಮಾರು ಶೇ 12.6 (4.2 ಲಕ್ಷ ಚ.ಕಿ.ಮೀ.) ಭೂಕುಸಿತಕ್ಕೆ ತುತ್ತಾಗಬಲ್ಲದು. ಹಿಮಕುಸಿತದ ಮುನ್ಸೂಚನೆ ಡಿಆರ್‌ಡಿಒ ಅಧೀನದ ಚಂಡೀಗಢದ ಡಿಜಿಆರ್‌ಇ ಸಂಸ್ಥೆಯ ಕೆಲಸ. ಆಯ್ಕೆಗಳಲ್ಲಿ ಈ ಎರಡನ್ನೂ ಅದಲುಬದಲು ಮಾಡಿ ಕೊಡುತ್ತಾರೆ.

• ಹಿಮಕುಸಿತಕ್ಕೆ ಕನ್ನಡ ನಾಡಿನ ನಂಟು: ಸಿಯಾಚಿನ್, 3 ಫೆಬ್ರುವರಿ 2016. ಹೂತುಹೋದ 10 ಯೋಧರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ ಜೀವಂತ ಸಿಕ್ಕರು. 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಜೂನ್ 2024ರಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ ಕರ್ನಾಟಕದ 9 ಮಂದಿ ತೀರಿಕೊಂಡದ್ದು ಹಿಮಕುಸಿತದಿಂದಲ್ಲ, ಹಿಮಬಿರುಗಾಳಿಯಿಂದ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಎಡವುವುದು ಇಲ್ಲಿಯೇ.