ಲ್ಯಾಬಿನ ಪ್ರಿಂಟಿಗೊಂದು ಲೆಕ್ಕವಿರಲಿ
ಗುರುಗುಂಟಾದಲ್ಲಿ ಮಕ್ಕಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರೇ, ಟೋನರ್ ತರಲು ಲಿಂಗಸುಗೂರಿಗೆ ಓಡುವ ಮೊದಲು ಒಂದು ಮಾತು ಕೇಳಿ. ನಿಮ್ಮಲ್ಲಿ ಉಬುಂಟು ಇದ್ದರೆ, ಮುದ್ರಣ ನಡೆಸುವ ಕಪ್ಸ್ ಎಂಬ ಮುಕ್ತ ತಂತ್ರಾಂಶ ಅದರಲ್ಲೇ ಇದೆ. 1999ರಿಂದ ಬಳಕೆಯಲ್ಲಿರುವ ಇದಕ್ಕೆ ಲೈಸೆನ್ಸಿನ ದುಡ್ಡಿಲ್ಲ. ಯಾರು ಎಷ್ಟು ಪುಟ ತೆಗೆದರೆಂದು ಅದು ಬರೆದಿಡಬಲ್ಲದು, ಒಬ್ಬೊಬ್ಬರಿಗೆ ವಾರಕ್ಕಿಷ್ಟು ಪುಟವೆಂದು ಮಿತಿಯನ್ನೂ ಹಾಕಬಲ್ಲದು. ಅವಧಿಯನ್ನು ಸೆಕೆಂಡುಗಳಲ್ಲಿ ಕೊಡಬೇಕು: ವಾರಕ್ಕೆ 6,04,800. ಆದರೆ ಮಕ್ಕಳೆಲ್ಲ ಒಂದೇ ಲಾಗಿನ್‌ನಲ್ಲಿ ಕೂತರೆ ಈ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ಎರಡೂ ಬದಿ ಮುದ್ರಿಸಿದರೆ ಕಾಗದ ಉಳಿಯುತ್ತದೆ, ಟೋನರ್ ಉಳಿಯುವುದಿಲ್ಲ. ಒಂದೇ ಬದಿಯಲ್ಲಿ ಎರಡು ಪುಟ ಕೂರಿಸಿದರೆ ಎರಡೂ ಉಳಿಯುತ್ತವೆ. ವಿದ್ಯಾರ್ಥಿವೇತನದ ಅರ್ಜಿಗೆ ಮಾತ್ರ ಮಿತಿ ಬೇಡ. ಮೊದಲು ಪ್ರತಿ ಮಗುವಿಗೂ ಪ್ರತ್ಯೇಕ ಲಾಗಿನ್ ಮಾಡಿಕೊಡಿ.